ಮನಸ್ಸು ‘ಹೂಂ’ ಅನ್ನುವ ಮೊದಲು

ಹೋದ ಸಂಚಿಕೆಯಲ್ಲಿ ಸ್ಟೋಯಿಕ್ ತತ್ವಜ್ಞಾನಿಗಳ ಬಗ್ಗೆ ಎರಡು ಪುಟ ಬರೆದಿದ್ದೆ. ಫಲಿತಾಂಶ, ಬೇರೆಯವರ ಮಾತು ನಮ್ಮ ಕೈಯಲ್ಲಿಲ್ಲ, ಅದಕ್ಕೆ ನಾವು ಏನು ಮಾಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ ಅನ್ನುವವರು ಅವರು. ಅದನ್ನು ಓದಿ ಬಂದ ಪತ್ರಗಳಲ್ಲಿ ತತ್ವಶಾಸ್ತ್ರದ ಪ್ರಶ್ನೆಗಳು ಕಡಿಮೆ. ಮನೆಯ, ಕಚೇರಿಯ, ಆಸ್ಪತ್ರೆಯ ಪ್ರಶ್ನೆಗಳೇ ಹೆಚ್ಚು. ನನಗೆ ಅದರಿಂದಲೇ ಸಂತೋಷವಾಯಿತು. ಕ್ರಿಸ್ತಪೂರ್ವ 300ರ ಸುಮಾರಿಗೆ ಈ ಪಂಥವನ್ನು ಶುರುಮಾಡಿದ, ಸೈಪ್ರಸ್ಸಿನಿಂದ ಬಂದ ಜೀನೋ ಅಥೆನ್ಸಿನಲ್ಲಿ ಪಾಠ ಹೇಳಲು ಆರಿಸಿಕೊಂಡದ್ದು ಪೇಟೆಯ ಅಂಚಿನ ಒಂದು ಕಂಬಸಾಲನ್ನು, ಜನ ಓಡಾಡುವ ಜಾಗವನ್ನು. ಆಮೇಲೆ ಆ ದಾರಿ ಹಿಡಿದವರಲ್ಲಿ ಗುಲಾಮನಾಗಿ ಬೆಳೆದ ಎಪಿಕ್ಟೆಟಸ್ ಇದ್ದಾನೆ, ನೀರೋ ದೊರೆಯ ಸಲಹೆಗಾರನಾಗಿದ್ದ ಸೆನೆಕಾ ಇದ್ದಾನೆ, ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಇದ್ದಾನೆ. ಕಾಲೇಜಿನಲ್ಲಿ ಇವರನ್ನು ಪಾಠ ಮಾಡುತ್ತಿದ್ದವಳು ನಾನು. ನಿವೃತ್ತಿಯಾದ ಮೇಲೂ ಬೆಳಗಿನ ಹೊತ್ತು ಇವರ ಜೊತೆಯಲ್ಲೇ ಕಳೆಯುತ್ತದೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ ಹದಿನೈದು ವರ್ಷದ ಮಗನಿದ್ದಾನೆ. ಅವನು ಎದುರು ಮಾತಾಡಿದರೆ ಸಾಕು, ಮೈಯೆಲ್ಲ ಬಿಸಿಯಾಗಿ ಕೂಗಾಡಿಬಿಡುತ್ತೇನೆ. ಆಮೇಲೆ ಸಂಕಟ. ‘ಸ್ಟೋಯಿಕ್ ಆದವನಿಗೆ ಸಿಟ್ಟೇ ಬರುವುದಿಲ್ಲ’ ಎಂದು ಎಲ್ಲೋ ಓದಿ ಕೆಲವು ದಿನ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಅದು ಒಳಗೇ ಕುದ್ದು ಒಂದು ದಿನ ದುಪ್ಪಟ್ಟಾಗಿ ಹೊರಗೆ ಬಂತು. ನನ್ನಂಥವನಿಗೆ ಇದು ಆಗುವ ಕೆಲಸವೇ?

ಉತ್ತರ: ಖಂಡಿತ ಆಗುವ ಕೆಲಸ. ಆದರೆ ನೀವು ಕೈ ಹಾಕಿದ್ದು ಬೇರೆಯದೇ ಜಾಗಕ್ಕೆ. ಮೈ ಬಿಸಿಯಾಗುವುದನ್ನು ತಡೆಯಲು ಹೊರಟಿರಿ. ಅದನ್ನು ತಡೆಯಿರಿ ಎಂದು ಸ್ಟೋಯಿಕ್ ಗುರುಗಳು ಕೇಳಿಯೇ ಇಲ್ಲ.

ಎರಡನೇ ಶತಮಾನದ ರೋಮನ್ ಲೇಖಕ ಔಲಸ್ ಗೆಲಿಯಸ್ ತಾನು ಕಣ್ಣಾರೆ ಕಂಡ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಅವನು ಇಟಲಿಗೆ ಹಡಗಿನಲ್ಲಿ ಬರುತ್ತಿದ್ದಾಗ ರಾತ್ರಿಯಿಡೀ ಬಿರುಗಾಳಿ. ಅದೇ ಹಡಗಿನಲ್ಲಿ ಹೆಸರಾಂತ ಸ್ಟೋಯಿಕ್ ಗುರುವೊಬ್ಬನಿದ್ದ. ಸುತ್ತ ಎಲ್ಲರೂ ಗೋಳಾಡುತ್ತಿರುವಾಗ ಗೆಲಿಯಸ್ ಆ ಗುರುವಿನ ಮುಖವನ್ನೇ ಗಮನಿಸಿದ. ಅವನು ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಆದರೆ ಮುಖ ಬಿಳಿಚಿಕೊಂಡಿತ್ತು. ಗಾಳಿ ಇಳಿದ ಮೇಲೆ ಶ್ರೀಮಂತ ಪ್ರಯಾಣಿಕನೊಬ್ಬ, ತಾನು ಹೆದರಲಿಲ್ಲ, ತತ್ವಜ್ಞಾನಿಯೇ ಹೆದರಿದನಲ್ಲ ಎಂದು ಹಂಗಿಸಿದ. ಗೆಲಿಯಸ್ ಮಾತ್ರ ಆಮೇಲೆ ವಿನಯದಿಂದ ಕಾರಣ ಕೇಳಿದ. ಗುರು ಚೀಲದಿಂದ ಎಪಿಕ್ಟೆಟಸ್‌ನ ಉಪನ್ಯಾಸಗಳ ಐದನೆಯ ಭಾಗವನ್ನು ತೆಗೆದು ಅವನ ಕೈಗಿಟ್ಟ.

ಆ ಭಾಗ ಇಂದು ಉಳಿದಿಲ್ಲ. ಶಿಷ್ಯ ಅರಿಯನ್ ಬರೆದುಕೊಂಡದ್ದರಲ್ಲಿ ನಾಲ್ಕು ಭಾಗ ಮಾತ್ರ ನಮಗೆ ದಕ್ಕಿವೆ. ಗೆಲಿಯಸ್ ಸಾರ ಬರೆದಿಟ್ಟದ್ದರಿಂದ ಈ ವಿಚಾರ ಬದುಕಿತು, ಅವನಿಗೆ ನಾನು ಋಣಿ. ಅಲ್ಲಿರುವುದು ಇಷ್ಟು: ಆಕಾಶದಲ್ಲಿ ಭಾರಿ ಸದ್ದಾದರೆ, ಏನೋ ಕುಸಿದು ಬಿದ್ದರೆ, ಜ್ಞಾನಿಯ ಮನಸ್ಸೂ ಒಂದು ಗಳಿಗೆ ನಡುಗುತ್ತದೆ, ಮುಖ ಬಣ್ಣ ಕಳೆದುಕೊಳ್ಳುತ್ತದೆ. ಅದು ಯೋಚನೆಗಿಂತ ಮೊದಲೇ ಆಗಿಬಿಡುವ ಚಲನೆ. ಜ್ಞಾನಿಗೂ ಸಾಮಾನ್ಯನಿಗೂ ವ್ಯತ್ಯಾಸ ಶುರುವಾಗುವುದು ಅದರ ನಂತರ. ‘ಇದು ನಿಜವಾಗಿಯೂ ಘೋರ’ ಎಂದು ಆ ನಡುಕ ಹೇಳುತ್ತದಲ್ಲ, ಸಾಮಾನ್ಯ ಮನುಷ್ಯ ಅದಕ್ಕೆ ‘ಹೂಂ’ ಅನ್ನುತ್ತಾನೆ. ಜ್ಞಾನಿ ಅನ್ನುವುದಿಲ್ಲ.

ಸಿಟ್ಟಿನ ವಿಷಯದಲ್ಲಿ ಇದನ್ನು ಬಿಡಿಸಿ ಹೇಳಿದವನು ಸೆನೆಕಾ. ತಮ್ಮಂದಿರಿಗೆ ಅಣ್ಣಂದಿರು ಬರೆಯುವುದು ವಾಡಿಕೆ, ಇವನು ತನ್ನ ಅಣ್ಣ ನೊವೇಟಸ್‌ನಿಗೆಂದು ಸಿಟ್ಟಿನ ಮೇಲೆ ಮೂರು ಭಾಗದ ಗ್ರಂಥ ಬರೆದ. ಅದರ ಪ್ರಕಾರ ಮೊದಲ ಚಲನೆ ನಮ್ಮ ಇಚ್ಛೆಯದಲ್ಲ, ತಣ್ಣೀರು ಮೈಮೇಲೆ ಬಿದ್ದರೆ ರೋಮ ನಿಮಿರುವ ಹಾಗೆ. ಎರಡನೆಯದರಲ್ಲಿ ನಮ್ಮ ಒಪ್ಪಿಗೆ ಇದೆ: ‘ನನಗೆ ಅನ್ಯಾಯವಾಯಿತು, ಇದಕ್ಕೆ ಪ್ರತಿಯಾಗಿ ಏನಾದರೂ ಮಾಡಲೇಬೇಕು.’ ಮೂರನೆಯದರಲ್ಲಿ ನಾವು ಕೈಗೆ ಸಿಗುವುದಿಲ್ಲ. ಸರಿಯೋ ತಪ್ಪೋ, ತೀರಿಸಿಕೊಳ್ಳಲೇಬೇಕು ಅನ್ನುವ ಹಂತ ಅದು. ಮೊದಲನೆಯದರ ಹತ್ತಿರ ಬುದ್ಧಿವಾದ ನಡೆಯುವುದಿಲ್ಲ, ಮೂರನೆಯದರ ಹತ್ತಿರವೂ ನಡೆಯುವುದಿಲ್ಲ. ಕೆಲಸ ಮಾಡಲು ಸಿಗುವುದು ನಡುವಿನ ಆ ಸಣ್ಣ ಸಂದು ಮಾತ್ರ.

ನಿಮ್ಮ ಹಲ್ಲು ಕಚ್ಚಿದ ದಿನಗಳನ್ನು ಈ ಬೆಳಕಿನಲ್ಲಿ ನೋಡಿ. ಒಳಗೆ ‘ಮಗ ನನಗೆ ಅವಮಾನ ಮಾಡಿದ’ ಎಂಬುದಕ್ಕೆ ನೀವು ಪೂರ್ತಿ ಒಪ್ಪಿಗೆ ಕೊಟ್ಟಿದ್ದಿರಿ. ಬಾಯಿ ಮಾತ್ರ ಮುಚ್ಚಿದ್ದಿರಿ. ಅದು ಕುದಿಯದೆ ಇನ್ನೇನಾದೀತು? ಬಾಯಿಯನ್ನಲ್ಲ, ಆ ಒಪ್ಪಿಗೆಯನ್ನು ತಡೆದು ನಿಲ್ಲಿಸಬೇಕಾಗಿತ್ತು.

ಹೇಗೆ ಅಂದರೆ, ಮಾರ್ಕಸ್ ತನಗಾಗಿ ಬರೆದುಕೊಂಡ ಟಿಪ್ಪಣಿಗಳಲ್ಲಿ ನಾನು ತುಂಬ ನೆಚ್ಚಿಕೊಂಡಿರುವ ಒಂದು ಭಾಗವಿದೆ. ಮೊದಲು ಕಂಡದ್ದು ಎಷ್ಟು ಹೇಳುತ್ತದೋ ಅದಕ್ಕಿಂತ ಹೆಚ್ಚಿಗೆ ನಿನಗೆ ನೀನು ಹೇಳಿಕೊಳ್ಳಬೇಡ ಅನ್ನುತ್ತಾನೆ. ಯಾರೋ ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿದ ಎಂಬ ಸುದ್ದಿ ಬಂತು. ಬಂದ ಸುದ್ದಿ ಅಷ್ಟೇ. ಅದರಿಂದ ನಿನಗೆ ಹಾನಿಯಾಯಿತು ಎಂಬ ಸುದ್ದಿ ಬರಲಿಲ್ಲ. ನಿಮ್ಮ ಮಗ ‘ನಾನು ಬರಲ್ಲ’ ಅಂದ. ಅದು ಸುದ್ದಿ. ‘ಇವನಿಗೆ ಅಪ್ಪ ಅಂದರೆ ಲೆಕ್ಕಕ್ಕಿಲ್ಲ’ ಅನ್ನುವುದು ನೀವು ಸೇರಿಸಿದ್ದು. ಮುಂದಿನ ಸಲ ಮೈ ಬಿಸಿಯಾದಾಗ ಅದು ಬಿಸಿಯಾಗಲಿ ಬಿಡಿ. ಮನಸ್ಸಿನಲ್ಲಿ ಅವನ ಮಾತನ್ನು ಅವನಾಡಿದಷ್ಟೇ ಅಕ್ಷರಗಳಲ್ಲಿ ಒಮ್ಮೆ ಹೇಳಿಕೊಳ್ಳಿ. ಉತ್ತರವನ್ನು ತಡ ಮಾಡಿ. ಸಿಟ್ಟಿಗೆ ತಡ ಮಾಡುವುದಕ್ಕಿಂತ ದೊಡ್ಡ ಮದ್ದಿಲ್ಲ ಎಂದು ಸೆನೆಕಾ ಒಂದೇ ಗ್ರಂಥದಲ್ಲಿ ಮತ್ತೆ ಮತ್ತೆ ಹೇಳುತ್ತಾನೆ. ಆಮೇಲೆ ಮಗನನ್ನು ತಿದ್ದಬೇಕಾದರೆ ತಿದ್ದಿ. ತಿದ್ದುವುದು ಬೇಡ ಎಂದು ಇವರು ಹೇಳಿದ್ದಿಲ್ಲ, ವೈದ್ಯ ರೋಗಿಯನ್ನು ನೋಡುವ ಮನಸ್ಸಿನಿಂದ ತಿದ್ದು ಎಂದರು.

ಒಂದೇ ವಾರದಲ್ಲಿ ಬದಲಾಗಬೇಕೆಂದು ಪಟ್ಟು ಹಿಡಿಯಬೇಡಿ. ಎಪಿಕ್ಟೆಟಸ್ ಶಿಷ್ಯರಿಗೆ ಲೆಕ್ಕ ಇಡಲು ಹೇಳುತ್ತಿದ್ದ: ಮೊದಲು ದಿನಾ ಸಿಟ್ಟಾಗುತ್ತಿದ್ದೆ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ. ಸಿಟ್ಟಿಲ್ಲದೆ 30 ದಿನ ಕಳೆದರೆ ದೇವರಿಗೆ ಕಾಣಿಕೆ ಸಲ್ಲಿಸು ಅನ್ನುತ್ತಾನೆ. ಅಷ್ಟು ಕಷ್ಟದ ಕೆಲಸ ಇದು ಎಂದು ಅವನಿಗೂ ಗೊತ್ತಿತ್ತು.

ಪ್ರಶ್ನೆ: ನನಗಿಂತ ಕಿರಿಯ ಸಹೋದ್ಯೋಗಿಗೆ ಬಡ್ತಿ ಸಿಕ್ಕಿತು. ಅವನು ಮೇಲಧಿಕಾರಿಯ ಹಿಂದೆ ಮುಂದೆ ಸುತ್ತುತ್ತಾನೆ, ಅವರ ಪ್ರತಿ ಮಾತಿಗೂ ಗೋಣು ಹಾಕುತ್ತಾನೆ. ನಾನು ಹಾಗೆ ಮಾಡಲಾರೆ. ಹೊಟ್ಟೆಕಿಚ್ಚು ಹೋಗುತ್ತಿಲ್ಲ.

ಉತ್ತರ: ಎಪಿಕ್ಟೆಟಸ್‌ನ ‘ಕೈಪಿಡಿ’ಯ 25ನೆಯ ಭಾಗ ನಿಮಗೆಂದೇ ಬರೆದ ಹಾಗಿದೆ. ಪೇಟೆಯಲ್ಲಿ ಒಂದು ಒಬೋಲ್ ನಾಣ್ಯಕ್ಕೆ ಸೊಪ್ಪು ಸಿಗುತ್ತದೆ. ಒಬ್ಬ ನಾಣ್ಯ ಕೊಟ್ಟು ಸೊಪ್ಪು ಒಯ್ದ, ನೀನು ಕೊಡಲಿಲ್ಲ, ಒಯ್ಯಲಿಲ್ಲ. ಅವನ ಕೈಯಲ್ಲಿ ಸೊಪ್ಪಿದೆ, ನಿನ್ನ ಕೈಯಲ್ಲಿ ನಾಣ್ಯ ಉಳಿದಿದೆ, ನಿನಗೆ ಕಡಿಮೆಯಾದದ್ದೇನು? ದೊಡ್ಡವರ ಮನೆಯ ಔತಣಕ್ಕೂ ಹೀಗೇ ಬೆಲೆ ಇದೆ, ಅದು ಹೊಗಳಿಕೆ, ಓಲೈಕೆ. ಬೆಲೆ ಕೊಡದೆ ಸರಕು ಬೇಕು ಅನ್ನುವವನು ದುರಾಸೆಯವನು ಎಂದು ನೇರವಾಗಿ ಹೇಳುತ್ತಾನೆ. ನಿಮಗೆ ಗೋಣು ಹಾಕುವುದು ಬೇಡವಾಗಿತ್ತು, ಹಾಕಲಿಲ್ಲ. ಆ ಬೆನ್ನುಮೂಳೆ ನಿಮ್ಮಲ್ಲೇ ಉಳಿದಿದೆ. ಬಡ್ತಿಯಲ್ಲಿ ನಿಯಮ ಮೀರಿದ್ದಾರೆ ಎಂಬುದಕ್ಕೆ ಆಧಾರವಿದ್ದರೆ ಲಿಖಿತ ದೂರು ಕೊಡಿ. ಅದು ಹೊಟ್ಟೆಕಿಚ್ಚಲ್ಲ, ನ್ಯಾಯ ಕೇಳುವುದು.

ಪ್ರಶ್ನೆ: ಅಮ್ಮಾ, ನಾನು ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ. ‘ಫಲಿತಾಂಶ ನಮ್ಮ ಕೈಯಲ್ಲಿಲ್ಲ’ ಎಂದು ನೀವು ಬರೆದದ್ದನ್ನು ಓದಿದಾಗ ಮೊದಲು ಸಮಾಧಾನವಾಯಿತು. ಈಗ ಪುಸ್ತಕ ತೆರೆದರೆ, ಕೈಯಲ್ಲಿಲ್ಲದ್ದಕ್ಕೆ ಯಾಕೆ ಇಷ್ಟು ಒದ್ದಾಡಬೇಕು ಅನ್ನಿಸುತ್ತಿದೆ.

ಉತ್ತರ: ನೋಡಮ್ಮಾ, ಈ ಅನುಮಾನ ನಿನಗೊಬ್ಬಳಿಗೆ ಬಂದದ್ದಲ್ಲ. ಸ್ಟೋಯಿಕ್ಕರ ವಿರೋಧಿಗಳು ಅದನ್ನೇ ಒಂದು ವಾದವಾಗಿ ಎಸೆಯುತ್ತಿದ್ದರು: ರೋಗ ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯನನ್ನು ಕರೆದರೂ ಕರೆಯದಿದ್ದರೂ ವಾಸಿಯಾಗುತ್ತದೆ, ಇಲ್ಲದಿದ್ದರೆ ಕರೆದರೂ ಇಲ್ಲ, ಹಾಗಾದರೆ ಕರೆಯುವುದು ಯಾಕೆ? ಇದಕ್ಕೆ ಸೋಮಾರಿ ವಾದ ಎಂದೇ ಹೆಸರು. ಜೀನೋನಿಂದ ಮೂರನೆಯವನಾಗಿ ಆ ಶಾಲೆಯನ್ನು ನಡೆಸಿದ ಕ್ರಿಸಿಪ್ಪಸ್ ಕೊಟ್ಟ ಉತ್ತರ ಸರಳ. ವಾಸಿಯಾಗುವುದು ವಿಧಿಯಾದರೆ, ವೈದ್ಯನನ್ನು ಕರೆಯುವುದೂ ಅದರ ಜೊತೆಗೇ ಸೇರಿದ ವಿಧಿ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ನಿನ್ನ ಓದು ಫಲಿತಾಂಶದ ಹೊರಗೆ ನಿಂತಿಲ್ಲ, ಅದರೊಳಗೇ ಹೆಣೆದುಕೊಂಡಿದೆ.

ಇನ್ನು ಒದ್ದಾಟದ ಮಾತು. ಸ್ಟೋಯಿಕ್ಕರು ಬಿಲ್ಲುಗಾರನ ಉದಾಹರಣೆ ಕೊಡುತ್ತಿದ್ದರು, ರೋಮಿನ ರಾಜಕಾರಣಿ, ಲೇಖಕ ಸಿಸೆರೊ ಅದನ್ನು ಬರೆದಿಟ್ಟಿದ್ದಾನೆ. ಬಿಲ್ಲುಗಾರ ಕಾಲೂರಿ ನಿಲ್ಲುತ್ತಾನೆ, ಗುರಿ ನೋಡುತ್ತಾನೆ, ತನ್ನಿಂದಾಗುವ ಎಲ್ಲವನ್ನೂ ಮಾಡಿ ಬಾಣ ಬಿಡುತ್ತಾನೆ. ಅವನ ವಿದ್ಯೆ ಅಲ್ಲಿಗೆ ಪೂರ್ಣವಾಯಿತು. ಗುರಿ ಎದುರಿಗೆ ಇಲ್ಲದಿದ್ದರೆ ಅವನು ಬಿಲ್ಲು ಎತ್ತುತ್ತಲೇ ಇರಲಿಲ್ಲ, ಆದ್ದರಿಂದ ಗುರಿ ಬೇಕೇ ಬೇಕು. ಆದರೆ ಹಾರಿದ ಬಾಣಕ್ಕೆ ಅಡ್ಡ ಬರುವ ಗಾಳಿಗೆ ಅವನು ಹೊಣೆಯಲ್ಲ. ‘ಈ ಪರೀಕ್ಷೆಯಲ್ಲಿ ಪಾಸಾಗಬೇಕು, ಅಡ್ಡಿ ಬಾರದಿದ್ದರೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಕೂರು. ಸೆನೆಕಾ ಹಡಗು ಹತ್ತುವವನಿಗೆ ಇದೇ ಮಾತನ್ನು ಕಲಿಸುತ್ತಾನೆ: ‘ಏನೂ ತಡೆಯದಿದ್ದರೆ ಪ್ರಯಾಣ ಮಾಡುತ್ತೇನೆ.’ ‘ಅಡ್ಡಿ ಬಾರದಿದ್ದರೆ’ ಎಂಬ ಆ ಎರಡು ಪದ ಪ್ರಯತ್ನವನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ, ಭಯವನ್ನು ಮಾತ್ರ ಕಡಿಮೆ ಮಾಡುತ್ತವೆ. ಇವತ್ತು ಯಾವ ಅಧ್ಯಾಯ ಎಂದು ಈಗಲೇ ನಿರ್ಧರಿಸಿ ಪುಸ್ತಕ ತೆರೆ.

ಪ್ರಶ್ನೆ: ನನ್ನ ತಾಯಿಗೆ ಕ್ಯಾನ್ಸರ್, ಕೊನೆಯ ಹಂತ. ಅಕ್ಕ ಹಗಲು ರಾತ್ರಿ ಅಮ್ಮನ ಪಕ್ಕದಲ್ಲಿದ್ದಾಳೆ. ನಾನು ಆಸ್ಪತ್ರೆಯ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತೇನೆ. ಅಮ್ಮನನ್ನು ಆ ಸ್ಥಿತಿಯಲ್ಲಿ ನೋಡಲು ನನ್ನಿಂದ ಆಗುವುದಿಲ್ಲ. ಅಕ್ಕ ನನ್ನನ್ನು ಕಲ್ಲು ಮನಸ್ಸಿನವನು ಅನ್ನುತ್ತಾಳೆ. ಅಮ್ಮನ ಮೇಲಿನ ಪ್ರೀತಿ ಹೆಚ್ಚಾಗಿಯೇ ಹೀಗಾಗುತ್ತಿದೆ ಎಂದು ಅವಳಿಗೆ ಹೇಗೆ ತಿಳಿಸಲಿ?

ಉತ್ತರ: ಈ ಪತ್ರವನ್ನು ಹಲವು ಸಲ ಓದಿದೆ. ನಿಮ್ಮದು ಕಲ್ಲು ಮನಸ್ಸಲ್ಲ. ಆದರೂ ನಿಮ್ಮ ಪರವಾಗಿ ಅಕ್ಕನಿಗೆ ಹೇಳಿಕಳಿಸುವ ಮಾತು ನನ್ನಲ್ಲಿಲ್ಲ. ನಿಮಗೇ ಹೇಳಬೇಕಾದ ಒಂದು ಕಥೆ ಇದೆ.

ಒಬ್ಬ ಅಧಿಕಾರಿ ಎಪಿಕ್ಟೆಟಸ್‌ನನ್ನು ಕಾಣಲು ಬಂದ. ಮಾತಿನ ನಡುವೆ ಹೆಂಡತಿ ಮಕ್ಕಳ ವಿಚಾರ ಬಂತು. ತನ್ನ ಪುಟ್ಟ ಮಗಳಿಗೆ ಮೊನ್ನೆ ಕಾಯಿಲೆ ಜೋರಾದಾಗ ಅವಳ ಪಕ್ಕ ಕೂರಲಾಗದೆ ಮನೆ ಬಿಟ್ಟು ಓಡಿಹೋದೆ, ವಾಸಿಯಾಯಿತು ಎಂದು ಯಾರೋ ಬಂದು ಹೇಳುವವರೆಗೆ ಹಿಂತಿರುಗಲಿಲ್ಲ ಎಂದ. ‘ನೀನು ಮಾಡಿದ್ದು ಸರಿಯೇ?’ ಎಂದು ಎಪಿಕ್ಟೆಟಸ್ ಕೇಳಿದ. ‘ಅದು ಸಹಜ, ತಂದೆಯರಿಗೆಲ್ಲ ಹೀಗೇ ಆಗುತ್ತದೆ’ ಎಂಬ ಉತ್ತರ ಬಂತು. ಎಪಿಕ್ಟೆಟಸ್ ಗದರಲಿಲ್ಲ. ಒಂದೊಂದೇ ಪ್ರಶ್ನೆ ಕೇಳುತ್ತ ಹೋದ. ಮಗುವಿನ ಮೇಲೆ ಅದರ ತಾಯಿಗೆ ಪ್ರೀತಿ ಇಲ್ಲವೆ? ಇದೆ. ಹಾಗಾದರೆ ಅವಳೂ ಬಿಟ್ಟು ಹೋಗಬೇಕಿತ್ತೆ? ದಾದಿಗೆ ಪ್ರೀತಿ ಇಲ್ಲವೆ? ಅವಳೂ ಹೋಗಬೇಕಿತ್ತೆ? ಪ್ರೀತಿಸುವವರೆಲ್ಲ ಪ್ರೀತಿಯ ಕಾರಣಕ್ಕೇ ಹೊರಟುಹೋದರೆ ಆ ಮಗು ತನ್ನ ಮೇಲೆ ಅಕ್ಕರೆ ಇಲ್ಲದವರ ಕೈಯಲ್ಲಿ ಸಾಯಬೇಕಿತ್ತೆ? ನೀನೇ ಹಾಸಿಗೆ ಹಿಡಿದರೆ, ಒಂಟಿಯಾಗಿ ಬಿಟ್ಟುಹೋಗುವಷ್ಟು ಪ್ರೀತಿಸುವ ಬಂಧುಗಳು ನಿನಗೆ ಬೇಕೆ?

ಓಡಿಸಿದ್ದು ಪ್ರೀತಿಯಲ್ಲ ಎಂಬುದನ್ನು ಆ ತಂದೆ ತಾನಾಗಿಯೇ ಕಾಣುವವರೆಗೆ ಮಾತು ನಡೆಯಿತು. ‘ಇದನ್ನು ನೋಡಲಾರೆ, ಇಲ್ಲಿಂದ ಹೋಗುವುದೇ ಒಳ್ಳೆಯದು’ ಎಂದು ಮನಸ್ಸು ತೀರ್ಮಾನಿಸಿತು, ಕಾಲು ಅದರಂತೆ ನಡೆಯಿತು. ನಿಮ್ಮಲ್ಲೂ ಅಮ್ಮನ ಮೇಲಿನ ಪ್ರೀತಿ ಇದೆ, ಅದರ ಪಕ್ಕದಲ್ಲೇ ಈ ತೀರ್ಮಾನವೂ ಕೂತಿದೆ. ಎರಡೂ ಒಂದೇ ಎಂದು ನೀವು ನಂಬಿದ್ದೀರಿ. ಬೇರೆ ಮಾಡಿ ನೋಡಿ. ಬಾಗಿಲ ಬಳಿ ಎದೆ ಹೊಡೆದುಕೊಳ್ಳುವುದು, ಗಂಟಲು ಕಟ್ಟುವುದು ಹಡಗಿನ ಗುರುವಿನ ಬಿಳಿಚಿದ ಮುಖದಂಥದು. ಅದಕ್ಕೆ ನಾಚಿಕೆ ಬೇಡ, ಅದು ನಿಲ್ಲಲಿ ಎಂದು ಕಾಯುವುದೂ ಬೇಡ. ‘ನನ್ನಿಂದ ಆಗುವುದಿಲ್ಲ’ ಎಂಬ ವಾಕ್ಯಕ್ಕೆ ಮಾತ್ರ ಒಪ್ಪಿಗೆ ಕೊಡಬೇಡಿ. ನಡುಗುವ ಕಾಲಿನಲ್ಲೇ ಒಳಗೆ ಹೋಗಬಹುದು.

ಒಳಗೆ ಹೋದ ಮೇಲೆ ಅತ್ತರೆ? ಅಳಿ. ಆಪ್ತ ಗೆಳೆಯನನ್ನು ಕಳೆದುಕೊಂಡ ಲುಸಿಲಿಯಸ್‌ಗೆ ಬರೆದ 63ನೆಯ ಪತ್ರದಲ್ಲಿ ಸೆನೆಕಾ, ಕಣ್ಣು ಒಣಗಿರುವುದೂ ಬೇಡ, ಹೊಳೆಯಾಗಿ ಹರಿಯುವುದೂ ಬೇಡ ಅನ್ನುತ್ತಾನೆ. ಮಾರ್ಕಸ್ ಚಕ್ರವರ್ತಿಯಾಗುವ ಮೊದಲು, ತನ್ನನ್ನು ಬೆಳೆಸಿದ ಗುರು ತೀರಿಕೊಂಡಾಗ ಅಳುತ್ತಿದ್ದನಂತೆ. ಅರಮನೆಯವರು ತಡೆಯಲು ಬಂದರು. ಆಗ ಅವನ ಸಾಕುತಂದೆ, ಚಕ್ರವರ್ತಿ ಆಂಟೊನೈನಸ್, ಅವನು ಮನುಷ್ಯನಾಗಿರಲಿ ಬಿಡಿ, ತತ್ವಜ್ಞಾನವಾಗಲಿ ಸಿಂಹಾಸನವಾಗಲಿ ಭಾವನೆಗಳನ್ನು ಕಿತ್ತುಹಾಕುವುದಿಲ್ಲ ಎಂದ ಎಂದು ಆಂಟೊನೈನಸ್‌ನ ಹಳೆಯ ಜೀವನಚರಿತ್ರೆ ಹೇಳುತ್ತದೆ.

ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯವನ್ನೂ ಹೇಳಬೇಕು. ‘ಕೈಪಿಡಿ’ಯ 3ನೆಯ ಭಾಗದಲ್ಲಿ ಎಪಿಕ್ಟೆಟಸ್, ಮಗುವಿಗೆ ಮುತ್ತು ಕೊಡುವಾಗ ‘ಸಾವಿರುವ ಮನುಷ್ಯನಿಗೆ ಮುತ್ತು ಕೊಡುತ್ತಿದ್ದೇನೆ’ ಎಂದುಕೋ, ಆಗ ಅದು ಸತ್ತರೆ ನೀನು ಕದಡಿಹೋಗುವುದಿಲ್ಲ ಅನ್ನುತ್ತಾನೆ. ಮೊದಲರ್ಧವನ್ನು ಒಪ್ಪುತ್ತೇನೆ. ಇರುವವರು ಸದಾ ಇರುವುದಿಲ್ಲ ಎಂದು ನೆನೆದಾಗ ಅವರ ಮುಖವನ್ನು ಇನ್ನಷ್ಟು ಗಮನವಿಟ್ಟು ನೋಡುತ್ತೇವೆ. ಎರಡನೆಯ ಅರ್ಧ ನನಗೆ ಎಂದೂ ಒಗ್ಗಲಿಲ್ಲ. ಹೀಗೆ ಹೇಳಿದವನೇ ಇಳಿವಯಸ್ಸಿನಲ್ಲಿ, ಬಡತನದಿಂದ ಗೆಳೆಯನೊಬ್ಬ ಬಿಟ್ಟುಬಿಡಲಿದ್ದ ಕೂಸನ್ನು ಮನೆಗೆ ತಂದು, ಅದನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕರೆತಂದು ಸಾಕಿದ ಎಂದು ಸಿಂಪ್ಲಿಸಿಯಸ್ ಎಂಬ ವ್ಯಾಖ್ಯಾನಕಾರ ಬರೆಯುತ್ತಾನೆ. ಅವನ ವಾಕ್ಯಕ್ಕಿಂತ ಈ ನಡತೆಯನ್ನು ನಾನು ಹೆಚ್ಚು ನಂಬುತ್ತೇನೆ.

ನಾಳೆ ಅಕ್ಕನಿಗೆ ವಿವರಣೆ ಕೊಡಲು ಹೋಗಬೇಡಿ. ‘ಎರಡು ಗಂಟೆ ನಾನು ಕೂರುತ್ತೇನೆ, ನೀನು ಮಲಗು’ ಅನ್ನಿ.

ಪ್ರಶ್ನೆ: ಆರು ತಿಂಗಳಿಂದ ನಿದ್ದೆ ಸರಿಯಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಭಾರ ಅನ್ನಿಸುತ್ತದೆ. ಸ್ಟೋಯಿಕ್ ಪುಸ್ತಕಗಳನ್ನು ಓದಿದರೆ ಸರಿಹೋಗುತ್ತದೆಯೇ?

ಉತ್ತರ: ಮೊದಲು ವೈದ್ಯರ ಬಳಿ ಹೋಗಿ, ಈ ವಾರವೇ. ಬದುಕು ಭಾರ ಅನ್ನಿಸುತ್ತಿದೆ ಎಂಬುದನ್ನು ಮನೆಯ ಒಬ್ಬರಿಗಾದರೂ ಇವತ್ತೇ ಹೇಳಿ. ಆರೋಗ್ಯವನ್ನು ಆರಿಸಿಕೊಳ್ಳತಕ್ಕದ್ದು ಎಂದು ಸ್ಟೋಯಿಕ್ಕರೇ ಎಣಿಸಿದ್ದರು. ಚಿಕಿತ್ಸೆ ಪಡೆಯುವುದು ದೌರ್ಬಲ್ಯವಲ್ಲ. ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆಗಳಲ್ಲಿ ಒಂದನ್ನು ರೂಪಿಸಿದ ಅಮೆರಿಕದ ವೈದ್ಯ ಆರನ್ ಬೆಕ್, ತನ್ನ ವಿಧಾನದ ಬೇರು ಸ್ಟೋಯಿಕ್ಕರಲ್ಲಿದೆ ಎಂದು 1979ರ ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ಪುಸ್ತಕ ಓದುವುದು ಆಮೇಲೆ, ಚೇತರಿಸಿಕೊಳ್ಳುತ್ತಿರುವಾಗ. ದಯವಿಟ್ಟು ನನಗೆ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ನನ್ನ ಹಳೆಯ ಕಾರನ್ನು ಮಾರುತ್ತಿದ್ದೇನೆ. ಗೇರ್‌ಬಾಕ್ಸಿನಲ್ಲಿ ಒಂದು ದೋಷವಿದೆ, ಹೊಸಬರಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಕೊಳ್ಳುವವರು ಆ ಬಗ್ಗೆ ಕೇಳಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳದಿದ್ದರೂ ಹೇಳಬೇಕೆ?

ಉತ್ತರ: ನಿಮ್ಮ ಪ್ರಶ್ನೆಗೆ ಎರಡು ಸಾವಿರ ವರ್ಷ ದಾಟಿದೆ! ಕ್ರಿಸ್ತಪೂರ್ವ 44ರಲ್ಲಿ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯದ ಮೇಲೆ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದೇ ಚರ್ಚೆ ಇದೆ. ರೋಡ್ಸ್ ದ್ವೀಪದಲ್ಲಿ ಬರಗಾಲ, ಧಾನ್ಯದ ಬೆಲೆ ಆಕಾಶ ಮುಟ್ಟಿದೆ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗು ತುಂಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಅದನ್ನು ಜನಕ್ಕೆ ಹೇಳಬೇಕೆ, ಸುಮ್ಮನೆ ಒಳ್ಳೆಯ ಬೆಲೆಗೆ ಮಾರಬೇಕೆ?

ಸೊಗಸಾದ ಸಂಗತಿಯೆಂದರೆ ಇಲ್ಲಿ ಗುರು ಶಿಷ್ಯರೇ ಎದುರಾಬದುರಾಗುತ್ತಾರೆ, ಇಬ್ಬರೂ ಸ್ಟೋಯಿಕ್ಕರು. ಗುರು, ಬ್ಯಾಬಿಲೋನಿನ ಡಯೋಜಿನಿಸ್, ಕಾನೂನು ಕೇಳಿದಷ್ಟು ದೋಷವನ್ನು ಹೇಳಿದರೆ ಸಾಕು ಅನ್ನುತ್ತಾನೆ. ಮುಚ್ಚಿಡುವುದು ಬೇರೆ, ಹೇಳದಿರುವುದು ಬೇರೆ ಎಂಬುದು ಅವನ ವಾದ. ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ: ಮನುಷ್ಯರೆಲ್ಲರ ಹಿತಕ್ಕೆ ದುಡಿಯಲು ಹುಟ್ಟಿದವನು ನೀನು, ನಿನ್ನ ಹಿತ ಅವರದು, ಅವರ ಹಿತ ನಿನ್ನದು, ಅವರ ಹತ್ತಿರವೇ ಇರುವ ಸಮೃದ್ಧಿಯನ್ನು ಅವರಿಂದ ಬಚ್ಚಿಡುತ್ತೀಯಾ? ಮುಂದೆ ದೋಷವಿರುವ ಮನೆಯನ್ನು ಮಾರುವ ಪ್ರಶ್ನೆ ಬಂದಾಗ ಅವನ ಮಾತು ಇನ್ನೂ ಚೂಪು. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದನ್ನು ಅಥೆನ್ಸಿನವರು ಶಾಪಕ್ಕೆ ಗುರಿಯಾಗುವ ಪಾಪವೆಂದು ಎಣಿಸಿದ್ದರು. ಗೊತ್ತಿದ್ದೂ ಒಬ್ಬನನ್ನು ತಪ್ಪಿಗೆ ದೂಡುವುದು ಅದಕ್ಕಿಂತ ಹೆಚ್ಚಿನದಲ್ಲವೆ?

ಸಿಸೆರೊ ಆಂಟಿಪೇಟರ್‌ನ ಕಡೆ. ನಾನೂ ಅದೇ ಕಡೆ. ಧಾನ್ಯದ ಪ್ರಶ್ನೆಯಲ್ಲಿ ಡಯೋಜಿನಿಸ್‌ಗೆ ಸ್ವಲ್ಪ ಜಾಗ ಬಿಟ್ಟುಕೊಡಬಹುದೇನೋ, ಅಲ್ಲಿ ಧಾನ್ಯ ಚೆನ್ನಾಗಿಯೇ ಇತ್ತು. ನಿಮ್ಮ ಸರಕಿನೊಳಗೇ ದೋಷವಿದೆ, ಅದನ್ನು ಓಡಿಸುವವರ ಜೀವಕ್ಕೆ ಸಂಬಂಧಿಸಿದ್ದು ಅದು. ಹೇಳಿದರೆ ಬೆಲೆ ಇಳಿಯುತ್ತದೆ, ನಿಜ. ಹಣವನ್ನು ಸ್ಟೋಯಿಕ್ಕರು ಕೆಟ್ಟದ್ದು ಅನ್ನಲಿಲ್ಲ. ಸಿಕ್ಕರೆ ಆರಿಸಿಕೋ, ಆದರೆ ನಿನ್ನ ನಡತೆಯನ್ನು ಅದಕ್ಕೆ ಬೆಲೆಯಾಗಿ ಕೊಡಬೇಡ ಅಂದರು. ದೋಷವನ್ನು ಬರೆದು ಕೈಗೆ ಕೊಡಿ, ಆಮೇಲೆ ಬೆಲೆ ಮಾತಾಡಿ.

ಪ್ರಶ್ನೆ: ನನ್ನ ಮೇಲಧಿಕಾರಿ ಎಲ್ಲರೆದುರು ನನ್ನನ್ನು ಹೀಯಾಳಿಸುತ್ತಾರೆ. ಮನೆಯಲ್ಲಿ ಹೇಳಿಕೊಂಡರೆ ನನ್ನ ಗಂಡ ನಿಮ್ಮ ಲೇಖನ ತೋರಿಸಿ ‘ಅವರ ಮಾತು ನಿನ್ನ ಕೈಯಲ್ಲಿಲ್ಲ, ಸಹಿಸಿಕೋ’ ಅನ್ನುತ್ತಾರೆ. ಇದು ಕಷ್ಟದಲ್ಲಿರುವವರ ಬಾಯಿ ಮುಚ್ಚಿಸುವ ತತ್ವವೇ?

ಉತ್ತರ: ನನ್ನ ಬರಹವನ್ನು ಹಾಗೆ ಬಳಸಿದ್ದು ಕೇಳಿ ಬೇಸರವಾಯಿತು. ಈ ಉತ್ತರವನ್ನು ಅವರಿಗೂ ಓದಲು ಕೊಡಿ.

ಮೇಲಧಿಕಾರಿಯ ನಾಲಿಗೆ ನಿಮ್ಮ ಕೈಯಲ್ಲಿಲ್ಲ. ಅದು ಅರ್ಧ ಮಾತು. ಅದಕ್ಕೆ ನೀವು ಏನು ಮಾಡುತ್ತೀರಿ ಎಂಬುದು ನಿಮ್ಮ ಕೈಯಲ್ಲಿದೆ, ಅದು ಉಳಿದರ್ಧ. ದೂರು ಕೊಡುವುದು, ಸಾಕ್ಷಿ ಇಟ್ಟುಕೊಳ್ಳುವುದು, ಎದುರು ನಿಂತು ‘ನನ್ನೊಡನೆ ಹೀಗೆ ಮಾತಾಡಬೇಡಿ’ ಅನ್ನುವುದು, ಕೆಲಸ ಬದಲಿಸುವುದು, ಎಲ್ಲವೂ ಆ ಅರ್ಧದಲ್ಲಿವೆ. ಸ್ಟೋಯಿಕ್ಕರ ನಾಲ್ಕು ಮುಖ್ಯ ಸದ್ಗುಣಗಳಲ್ಲಿ ವಿವೇಕ, ಸಂಯಮಗಳ ಜೊತೆಗೆ ಧೈರ್ಯವಿದೆ, ನ್ಯಾಯವೂ ಇದೆ. ಸಹಿಸಿಕೊಳ್ಳುವುದೊಂದೇ ಅವರ ಪಾಠವಾಗಿದ್ದರೆ ಕೊನೆಯ ಎರಡು ಯಾಕೆ ಬೇಕಿತ್ತು?

ರೋಮಿನ ಸಂಸತ್ ಸದಸ್ಯ ಹೆಲ್ವಿಡಿಯಸ್ ಪ್ರಿಸ್ಕಸ್‌ನ ಕಥೆಯನ್ನು ಎಪಿಕ್ಟೆಟಸ್ ಅಭಿಮಾನದಿಂದ ಹೇಳುತ್ತಿದ್ದ. ಚಕ್ರವರ್ತಿ ವೆಸ್ಪೇಸಿಯನ್ ಅವನಿಗೆ ಸಭೆಗೆ ಬರಬೇಡ ಎಂದು ಹೇಳಿಕಳಿಸಿದ. ‘ನನ್ನ ಸದಸ್ಯತ್ವ ಕಿತ್ತುಕೊಳ್ಳುವುದು ನಿನ್ನ ಕೈಯಲ್ಲಿದೆ. ಸದಸ್ಯನಾಗಿರುವವರೆಗೆ ಬರಲೇಬೇಕು.’ ಬಂದರೂ ಸುಮ್ಮನಿರು. ‘ನನ್ನ ಅಭಿಪ್ರಾಯ ಕೇಳಬೇಡ, ಸುಮ್ಮನಿರುತ್ತೇನೆ.’ ಕೇಳಲೇಬೇಕಲ್ಲ. ‘ಹಾಗಾದರೆ ನನಗೆ ಸರಿ ಕಂಡದ್ದನ್ನು ಹೇಳಲೇಬೇಕಲ್ಲ.’ ಹೇಳಿದರೆ ಕೊಲ್ಲಿಸುತ್ತೇನೆ. ‘ನನಗೆ ಸಾವಿಲ್ಲ ಎಂದು ಯಾವಾಗ ಹೇಳಿದೆ?’ ಅವನನ್ನು ಗಡೀಪಾರು ಮಾಡಿದರು, ಕೊನೆಗೆ ಕೊಂದರು. ಇದು ಬಾಯಿ ಮುಚ್ಚಿಕೊಂಡವನ ಕಥೆಯಲ್ಲ. ನಿಮ್ಮಿಂದ ಅಂಥ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ತತ್ವ ಯಾವ ಕಡೆಗೆ ವಾಲುತ್ತದೆ ಎಂದು ತೋರಿಸಲು ಹೇಳಿದೆ. ಎಪಿಕ್ಟೆಟಸ್‌ನ ಗುರು ಮುಸೋನಿಯಸ್ ರೂಫಸ್, ಹೆಣ್ಣುಮಕ್ಕಳೂ ತತ್ವಜ್ಞಾನ ಕಲಿಯಬೇಕು, ಗಂಡಸರಿಗಿರುವ ವಿವೇಚನೆಯೇ ಅವರಿಗೂ ಇದೆ ಎಂದು ಮೊದಲನೇ ಶತಮಾನದಲ್ಲೇ ಪಾಠ ಮಾಡಿದವನು.

ಸ್ಟೋಯಿಕ್ ಅಭ್ಯಾಸದಿಂದ ನಿಮಗೆ ಆಗಬೇಕಾದ ಉಪಕಾರ ಒಂದಿದೆ. ‘ಅವರು ಹೀಯಾಳಿಸಿದ್ದರಿಂದ ನಾನು ಕೀಳು’ ಎಂಬುದಕ್ಕೆ ಒಪ್ಪಿಗೆ ಕೊಡದಿದ್ದರೆ ದೂರು ಬರೆಯುವಾಗ ಕೈ ನಡುಗುವುದು ಕಡಿಮೆಯಾಗುತ್ತದೆ. ದಿನಾಂಕ, ಆಡಿದ ಮಾತು, ಎದುರಿಗಿದ್ದವರು, ಇಷ್ಟನ್ನು ಸೇರಿಸದೆ ಬಿಡದೆ ಬರೆಯುತ್ತೀರಿ. ಇನ್ನು, ಮಾತು ದಾಟಿ ಯಾರಾದರೂ ಕೈ ಮಾಡುವ ಸ್ಥಿತಿಯಲ್ಲಿ ಈ ಅಂಕಣವನ್ನು ಓದುತ್ತಿರುವವರಿದ್ದರೆ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ನೆರವು ಕೇಳಿ. ತತ್ವ ಕಾಯುತ್ತದೆ.

ಪ್ರಶ್ನೆ: ದಿನವೂ ಮಾಡಬಹುದಾದ ಒಂದೇ ಒಂದು ಅಭ್ಯಾಸ ಹೇಳಿ ಮೇಡಂ. ಹತ್ತು ಹೇಳಿದರೆ ಒಂದೂ ಮಾಡುವುದಿಲ್ಲ.

ಉತ್ತರ: ಸೆನೆಕಾನ ರಾತ್ರಿಯ ಲೆಕ್ಕ. ಸೆಕ್ಸ್ಟಿಯಸ್ ಎಂಬ ಹಿರಿಯ ತತ್ವಜ್ಞಾನಿ ಹೀಗೆ ಮಾಡುತ್ತಿದ್ದ ಎಂದು ಅವನೇ ಹೇಳುತ್ತಾನೆ. ದೀಪ ತೆಗೆದ ಮೇಲೆ, ಅವನ ಅಭ್ಯಾಸ ಗೊತ್ತಿದ್ದ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಸೆನೆಕಾ ಇಡೀ ದಿನವನ್ನು ಹಿಂದಕ್ಕೆ ತಿರುಗಿ ನೋಡುತ್ತಿದ್ದ, ತನ್ನಿಂದ ಏನನ್ನೂ ಮರೆಮಾಚದೆ. ನೋಡಿ ಮುಗಿದಾಗ ತನಗೆ ತಾನು ಹೇಳಿಕೊಳ್ಳುತ್ತಿದ್ದುದು: ಇನ್ನು ಮುಂದೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ. ಆ ಕ್ಷಮೆಯನ್ನು ಬಿಡಬೇಡಿ, ಅದಿಲ್ಲದಿದ್ದರೆ ಈ ಅಭ್ಯಾಸ ನಾಲ್ಕು ದಿನದಲ್ಲಿ ಸ್ವನಿಂದೆಯಾಗಿಬಿಡುತ್ತದೆ. ನಾನು ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಮಾಡುತ್ತೇನೆ. ಇಂದು ಏನಾಯಿತು ಎಂದು ಒಂದು ಸಾಲು, ಅದಕ್ಕೆ ಮನಸ್ಸು ಏನು ಸೇರಿಸಿತು ಎಂದು ಇನ್ನೊಂದು ಸಾಲು, ಸೇರಿಸಿದ್ದಕ್ಕೆ ಒಪ್ಪಿಗೆ ಕೊಟ್ಟೆನೋ ಇಲ್ಲವೋ ಎಂದು ಮೂರನೆಯದು. ಉದ್ದ ಬರೆಯಬೇಡಿ. ಫೋನಿನಲ್ಲೂ ಬೇಡ, ಅದು ಕೈಗೆ ಬಂದರೆ ಗಮನ ಬೇರೆ ಕಡೆ ಹೋಗುತ್ತದೆ.